ಏಳು ಗಂಟಿನ ಹುರಿ

ಆ ಊರಿನವರು ಯಾವ ಪ್ರಾಣಿಯನ್ನೂ ಕೊಲ್ಲುತ್ತಿರಲಿಲ್ಲ. ದಯೆಯಿಂದ ಅಂದುಕೊಳ್ಳಬೇಡಿ. ಹೊಲದ ಮಣ್ಣಿಗೆ ರಕ್ತ ಬಿದ್ದರೆ ಆ ವರ್ಷದ ತೆನೆಯೆಲ್ಲ ಜೊಳ್ಳಾಗುತ್ತದೆ ಎಂಬ ಭಯದಿಂದ. ಹಂದಿ ಬಂದು ಜೋಳ ಮುರಿದರೂ ಕೊಲ್ಲುತ್ತಿರಲಿಲ್ಲ, ಮುಳ್ಳುಹಂದಿ ಗೆಣಸು ಬಗೆದರೂ ಕೊಲ್ಲುತ್ತಿರಲಿಲ್ಲ. ಹಿಡಿಯುತ್ತಿದ್ದರು. ಹಿಡಿದು ಹೊಳೆಯಾಚೆ ಕಳಿಸುತ್ತಿದ್ದರು.

ಹಿಡಿಯುವವಳು ಒಬ್ಬಳೇ. ಊರಿಗೆಲ್ಲ ಅವಳು ಬೋನಿನವ್ವ. ಮರದ ಪಟ್ಟಿಯ ಬೋನು, ಮೇಲಿಂದ ಬೀಳುವ ಬಾಗಿಲು, ಹೊಳೆಯ ದಡದಲ್ಲಿ ಕವುಚಿ ಹಾಕಿದ ಒಂದು ಹರಿಗೋಲು, ಇಷ್ಟು ಅವಳ ಆಸ್ತಿ. ಯಾರ ಹೊಲಕ್ಕೆ ಕಾಟವೋ ಅವರು ಕಚ್ಚಿ ಬಿಸಾಡಿದ ಒಂದು ತೆನೆಯನ್ನು ತಂದು ಅವಳ ಹೊಸ್ತಿಲ ಮೇಲಿಡಬೇಕು. ತೆನೆ ಕಂಡರೆ ಅವಳು ಬೋನು ಹೊತ್ತು ಹೊರಡಬೇಕು. ಬೋನಿಟ್ಟ ಮೇಲೆ ಕಾಟದ ಜೀವ ಒಳಗೆ ಬೀಳುವ ತನಕ ಅಲ್ಲೇ ಕೂತಿರಬೇಕು, ಅನ್ನವಿಲ್ಲದೆ, ನೀರಿಲ್ಲದೆ. ಹಸಿದ ಪ್ರಾಣಿಯನ್ನು ಹೊಟ್ಟೆ ತುಂಬಿದವರು ಹಿಡಿಯಬಾರದು ಎಂದು ಯಾರೋ ಹಿಂದೆ ಹೇಳಿದ್ದರಂತೆ. ಹೇಳಿದವರು ಬೋನು ಹೊತ್ತವರಲ್ಲ ಎಂಬುದಂತೂ ಖಂಡಿತ.

ಬಿದ್ದ ಮೇಲೆ ತಪ್ಪು ಹೇಳುವ ಶಾಸ್ತ್ರ. ಹೊಲದ ಯಜಮಾನ ಬೋನಿನ ಎದುರು ಕುಕ್ಕರಗಾಲಲ್ಲಿ ಕೂತು, ಪ್ರಾಣಿಯ ಕಣ್ಣಲ್ಲಿ ಕಣ್ಣಿಟ್ಟು, ಏಳು ತಪ್ಪು ಹೇಳಬೇಕು. ಒಂದೊಂದು ತಪ್ಪಿಗೂ ಬೋನಿನವ್ವ ಪುಂಡಿನಾರಿನ ಹುರಿಗೆ ಒಂದೊಂದು ಗಂಟು ಹಾಕುವಳು. ಆರು ಹೇಳಿದರೆ ಬಿಟ್ಟುಬಿಡಬೇಕು, ಏಳಾದರೆ ಹೊಳೆ ದಾಟಿಸಬೇಕು. ಹಂದಿಗೆ ಏಳು ತಪ್ಪು ಹೊಂದಿಸುವುದು ಕಷ್ಟವಾಗುತ್ತಿರಲಿಲ್ಲ. ಮೊಲ ಬಿದ್ದ ದಿನ ಮಾತ್ರ ಯಜಮಾನರು ತಿಣುಕುವರು. ಒಬ್ಬನಂತೂ ಐದರವರೆಗೆ ಹೇಗೋ ಬಂದು, ತಲೆ ಕೆರೆದುಕೊಂಡು, “ಕಿವಿ ಉದ್ದ,” ಅಂದಿದ್ದ. ಆಮೇಲೆ, “ಎರಡು ಕಿವೀನೂ,” ಅಂದು ಏಳು ಮಾಡಿದ್ದ.

ಹೊಳೆಯ ನಡುವೆ ಒಂದು ಮರಳುದಿಬ್ಬ. ಬೋನಿನವ್ವ ಹರಿಗೋಲಿನಲ್ಲಿ ಬೋನನ್ನು ಅಲ್ಲಿಗೆ ಒಯ್ದು ಇಟ್ಟು ಬರುವಳು. ಅವಳು ಈಚೆ ದಡ ಸೇರಿದ ಮೇಲೆ ಆಚೆ ಊರಿನ ಬೋನಿನವನು ಬಂದು ಅದನ್ನೆತ್ತಿಕೊಂಡು, ತನ್ನ ಊರಿನ ಕಾಟವನ್ನು ಅಲ್ಲಿಟ್ಟು ಹೋಗುವನು. ಈಚೆಯವರು ಬೇಡವೆಂದದ್ದನ್ನು ಆಚೆಯವರು ಇಳಿಸಿಕೊಳ್ಳಬೇಕು, ಆಚೆಯವರು ಬೇಡವೆಂದದ್ದನ್ನು ಈಚೆಯವರು. ಎರಡೂ ಊರಿನವರು ತಮ್ಮ ಕಾಟ ಕಳೆಯಿತೆಂದು ನಿದ್ದೆ ಮಾಡುವರು. ಹರಕು ಕಿವಿಯ ಒಂದು ಹಂದಿ ಹೀಗೆ ಎಂಟು ಸಲ ಹೋಗಿ ಎಂಟು ಸಲ ಬಂದಿತ್ತು. ಅದು ಬೋನಿನವ್ವನಿಗೂ ಹಂದಿಗೂ ಮಾತ್ರ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಆ ಹೊಳೆಗೆ ಇನ್ನೊಂದು ಕಟ್ಟಳೆಯಿತ್ತು. ದಾಟಿ ಹೋದದ್ದು ತಿರುಗಿ ಬರುವಂತಿಲ್ಲ. ಬೇಡವಾದದ್ದು ಮಾತ್ರ ಬರಬಹುದು.

ಬೋನಿನವ್ವನಿಗೆ ಒಬ್ಬಳು ಮಗಳಿದ್ದಳು. ಅವಳನ್ನು ಆಚೆ ಊರಿಗೆ ಕೊಟ್ಟಿದ್ದಳು. ಮದುವೆಯ ದಿನ ಅದೇ ಹರಿಗೋಲಿನಲ್ಲಿ, ಬೋನಿಡುವ ಜಾಗದಲ್ಲಿ ಮಗಳನ್ನು ಕೂರಿಸಿಕೊಂಡು ತಾನೇ ಹುಟ್ಟು ಹಾಕಿದ್ದಳು. ದಿಬ್ಬದ ಮೇಲೆ ಇಳಿಸಿ, ತಿರುಗಿ ನೋಡದೆ ಬಂದಿದ್ದಳು. ಆಮೇಲೆ ಎಂಟು ಬೆಳೆ ಬಂದು ಹೋಯಿತು. ಸುದ್ದಿಯಿಲ್ಲ. ಹೊಳೆಯಾಚೆಯಿಂದ ಸುದ್ದಿ ತರುವವರು ಯಾರು, ಹಂದಿಯೆ?

ಆದರೂ ಬೋನಿನವ್ವ ತನಗೆ ತೋಚಿದ್ದೊಂದು ಮಾಡುತ್ತಿದ್ದಳು. ಕಳಿಸುವ ಪ್ರತಿ ಬೋನಿನ ಮೂಲೆಯಲ್ಲೂ ಎಲೆಯಲ್ಲಿ ಸುತ್ತಿದ ನಾಲ್ಕು ಚಿಗಳಿ ಉಂಡೆ ಇಡುವಳು. ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿಯೆಂದರೆ ಮಗಳು ಚಿಕ್ಕಂದಿನಲ್ಲಿ ಪ್ರಾಣ ಬಿಡುತ್ತಿದ್ದಳು. ಬೋನು ಮರಳಿ ಬಂದಾಗ ಎಲೆ ಮಾತ್ರ ಇರುತ್ತಿತ್ತು. ನೆಕ್ಕಿದಷ್ಟು ಚೊಕ್ಕ. ಬೋನಿನವ್ವ ಆ ಎಲೆಯನ್ನು ಮಡಿಚಿ ಸೂರಿಗೆ ಸಿಕ್ಕಿಸಿ, ತಿಂದಳು ನನ್ನ ಕೂಸು ಎಂದು ಸಮಾಧಾನ ಮಾಡಿಕೊಳ್ಳುವಳು.

ಒಂಬತ್ತನೆಯ ಬೆಳೆ ಎದೆಯುದ್ದ ಬಂದಿದ್ದಾಗ ಒಂದು ಬೆಳಗ್ಗೆ ದಿಬ್ಬದ ಮೇಲೆ ಒಂದು ಬೋನು ಕಂಡಿತು. ದೂರದಿಂದ ಅದು ಬೋನಿನ ಹಾಗೆ ಕಾಣಲಿಲ್ಲ, ನಾರಿನ ಉಂಡೆಯ ಹಾಗೆ ಕಂಡಿತು. ಹತ್ತಿರ ಹೋದಳು. ಬೋನಿನ ಸುತ್ತ ಹುರಿ ಸುತ್ತಿದ್ದರು. ಒಂದು ಸುತ್ತಲ್ಲ, ಹತ್ತು ಸುತ್ತಲ್ಲ. ಹುರಿಯ ತುಂಬ ಗಂಟು. ಅತ್ತೆಯದು ಏಳು, ಗಂಡನದು ಏಳು, ನಾದಿನಿಯದು ಏಳು, ಬಾವಿಕಟ್ಟೆಯವರದು ಏಳು, ದಾರಿಹೋಕರದು ಏಳು. ಹುರಿ ಸರಿಸಿ ಒಳಗೆ ನೋಡಿದರೆ ಮಂಡಿಗೆ ಗಲ್ಲವೂರಿಕೊಂಡು ಮಗಳು ಕೂತಿದ್ದಳು.

“ಅವ್ವಾ,” ಅಂದಳು ಮಗಳು. “ಬಂದೆ ನೋಡು. ಬೇಡವಾದೆ.”

ಬೋನಿನವ್ವ ಮರಳಿನ ಮೇಲೆ ಕೂತು ಬೋನನ್ನೇ ತಬ್ಬಿಕೊಂಡಳು. ತನ್ನ ಮಗಳನ್ನು ಇಷ್ಟು ಜನ ಇಷ್ಟೊಂದು ದ್ವೇಷಿಸಿದ್ದಕ್ಕೆ ಅಳಬೇಕೋ, ಅದರಿಂದಲೇ ಅವಳು ಬಂದಳೆಂದು ನಗಬೇಕೋ ಗೊತ್ತಾಗದೆ ಎರಡನ್ನೂ ಒಟ್ಟಿಗೇ ಮಾಡಿದಳು.

ಹರಿಗೋಲು ಈಚೆ ದಡ ಮುಟ್ಟುವ ಹೊತ್ತಿಗೆ ಕೇಳಿದಳು: “ಚಿಗಳಿ ಕಳಿಸ್ತಿದ್ದೆನಲ್ಲ, ಸಿಕ್ತಿತ್ತೇನೆ?”

“ಯಾವ ಚಿಗಳಿ?”

“ಬೋನಿನ ಮೂಲೇಲಿ. ಎಲೇಲಿ ಸುತ್ತಿ.”

ಮಗಳು ಬೋನಿನ ಮೂಲೆಗೆ ಕಣ್ಣು ಹಾಯಿಸಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು. “ಹಂದಿ ತಿಂದಿರ್ತಾವೆ ಕಣವ್ವ! ಅದಕ್ಕೇ ಮತ್ತೆ ಮತ್ತೆ ಈ ದಡಕ್ಕೇ ಬರ್ತಿದ್ದವು ಅನ್ನು.”

ಆ ನಗು ನೀರಿನ ಮೇಲೆ ಹೋಗಿ ಆಚೆ ದಡಕ್ಕೆ ಬಡಿದು ತಿರುಗಿ ಬಂತು. ಬೋನಿನವ್ವ ಹುಟ್ಟು ನಿಲ್ಲಿಸಿ ಊರ ಕಡೆ ನೋಡಿದಳು. ಬೋನಿನಲ್ಲಿ ಬಂದ ಜೀವ ಊರಿನಲ್ಲಿ ಇರಬಹುದಾದದ್ದು ಯಾರೂ ತಪ್ಪು ಹೇಳದ ತನಕ ಮಾತ್ರ. ಊರಿನವರು ಊರಿನವರನ್ನು ಎಷ್ಟು ಬೈದರೂ ಅದು ಬರೀ ಬೈಗುಳ, ಗಾಳಿಗೆ ಹೋಗುತ್ತದೆ. ಬೋನಿನಲ್ಲಿ ಬಂದವರಿಗೆ ಎದುರೆದುರೇ ಹೇಳಿದ್ದು ತಪ್ಪು, ಅದು ಉಳಿಯುತ್ತದೆ. ಒಂದೇ ಬಾಯಿಂದ ಏಳು ಬಂದರೆ ಮುಗಿಯಿತು. ಇವಳು ಈಗ ಊರಿನವಳಲ್ಲ. ದಾಟಿ ಹೋಗಿ ಬೋನಿನಲ್ಲಿ ಬಂದವಳು.

‘ನಿನ್ನ ಮೇಲೆ ಯಾರ ಕಣ್ಣೂ ಬೀಳದ ಹಾಗೆ ಇಟ್ಟುಕೊಳ್ತೀನಿ,’ ಎಂದು ಬೋನಿನವ್ವ ಮನಸ್ಸಿನಲ್ಲೇ ಹೇಳಿಕೊಂಡಳು. ಹೊಸ್ತಿಲ ಮೇಲೆ ಯಾರೂ ತೆನೆ ತಂದಿಡಬಾರದು, ಅಷ್ಟೇ. ಅಷ್ಟಾದರೆ ಸಾಕು.

ಮಗಳು ಮನೆಯೊಳಗೆ ಬಂದು ಎಂಟು ವರ್ಷದ ಹಿಂದೆ ಬಿಟ್ಟುಹೋದ ಮಣೆಯ ಮೇಲೇ ಕೂತಳು. ಬೋನಿನವ್ವ ಕಾವಲು ಶುರುಮಾಡಿದಳು.

ಮೊದಲ ದಿನ ಮಗಳು ಹೊಲದ ಬದುವಿನ ಮೇಲೆ ನಡೆದು ಹೋದಳು. ಬೋನಿನವ್ವ ಜಗಲಿಯಿಂದಲೇ ಕೂಗಿದಳು: “ಹಾಗೆ ಧಬಧಬ ಹೆಜ್ಜೆ ಹಾಕ್ತೀಯಲ್ಲೇ, ಬದು ಕುಸೀತದೆ!”

ಎದುರುಮನೆಯವಳು ತನ್ನ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು.

ಎರಡನೆಯ ದಿನ ಮಗಳು ಬಿಸಿಲೇರುವ ತನಕ ಮಲಗಿದಳು. “ಈ ಹೊತ್ತಿಗೆ ಏಳ್ತೀಯಲ್ಲ, ನೋಡಿದವರು ಏನಂದಾರು?” ಮೂರನೆಯ ದಿನ ತಲೆಗೂದಲು ಬಿಟ್ಟುಕೊಂಡು ಬಾಗಿಲಲ್ಲಿ ನಿಂತಳು. “ಕೂದಲು ಹರಡಿಕೊಂಡು ಹೊಸ್ತಿಲಲ್ಲಿ ನಿಲ್ತೀಯ, ಒಳಗೆ ಬಾ!” ನಾಲ್ಕನೆಯ ದಿನ ಯಾರದೋ ಹೊಲದ ಬೇಲಿಯಲ್ಲಿ ಕೈಯಾಡಿಸಿ ಎಳೆಕಾಯಿ ಬಿಡಿಸಿ ತಿಂದಳು. “ಕಂಡವರ ಬೇಲಿಗೆ ಕೈ ಹಾಕ್ತೀಯಲ್ಲ, ಬುದ್ಧಿ ಬೇಡವಾ?”

“ಅವ್ವ, ಎರಡೇ ಎರಡು ಕಾಯಿ.”

“ಎದುರು ಮಾತಾಡ್ತೀಯ ಬೇರೆ!”

ಎದುರುಮನೆಯವಳು ಸುಲಿಯದ ಒಂದು ಅವರೆಕಾಯಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅಲ್ಲಿ ಅಂಥವು ಆಗಲೇ ನಾಲ್ಕಿದ್ದವು. ಅವಳ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ತಪ್ಪು ಕಿವಿಗೆ ಬಿದ್ದವರು ಲೆಕ್ಕ ಇಡಬೇಕು, ಇಡದಿದ್ದರೆ ಅವರ ಹೊಲ ಜೊಳ್ಳಾಗುತ್ತದೆ. ಇಟ್ಟಳು.

ಬೋನಿನವ್ವನಿಗೆ ಆ ಕಡೆ ಗಮನವೇ ಇರಲಿಲ್ಲ. ಅವಳ ಕಣ್ಣೆಲ್ಲ ತನ್ನ ಹೊಸ್ತಿಲ ಮೇಲೆ. ಬೆಳಗ್ಗೆ ಎದ್ದು ನೋಡುವಳು, ತೆನೆಯಿಲ್ಲ. ಸಂಜೆ ನೋಡುವಳು, ತೆನೆಯಿಲ್ಲ. ನಿಜ ಹೇಳಬೇಕೆಂದರೆ ಊರಿನವರಿಗೆ ಮಗಳ ಮೇಲೆ ಕೋಪವೇ ಇರಲಿಲ್ಲ. ಬೇಲಿಯ ಯಜಮಾನ ತಾನೇ ಒಂದು ಬೊಗಸೆ ಕಾಯಿ ತಂದು, “ತಿನ್ನವ್ವ, ಸೊರಗಿದ್ದೀಯ,” ಎಂದು ಕೊಟ್ಟುಹೋಗಿದ್ದ. ಬೋನಿನವ್ವ ಅದನ್ನೂ ನಂಬಲಿಲ್ಲ. ಬೋನಿಗೆ ತಿನಿಸಿಡುವವರ ಬದುಕೇ ಹಾಗೆ, ಯಾರು ಏನು ಕೊಟ್ಟರೂ ಬಾಗಿಲು ಎಲ್ಲಿ ಬೀಳುತ್ತದೆ ಎಂದು ನೋಡುವುದು.

ಆರನೆಯ ದಿನ ಸಾರಿಗೆ ಉಪ್ಪು ಹೆಚ್ಚಾಯಿತು. ಬೋನಿನವ್ವ ಅದಕ್ಕೂ ಬೈದಳು. ಏಳನೆಯ ದಿನ ಮಗಳು ಅಂಗಳದಲ್ಲಿ ಕೋಳಿಯ ಹಿಂದೆ ಓಡಿ, ಎಡವಿ ಬಿದ್ದು, ಬಿದ್ದಲ್ಲೇ ಕೂತು ನಗತೊಡಗಿದಳು. ಹೊಟ್ಟೆಯಿಂದ ಎದ್ದು ಬರುವ ನಗು. ಬೀದಿಯ ಆ ತುದಿಯಲ್ಲಿ ಯಾರೋ ತಾವೂ ನಕ್ಕರು.

ಬೋನಿನವ್ವ ಓಡಿ ಬಂದು ಮಗಳ ಬಾಯಿ ಮುಚ್ಚಿದಳು. “ಹೆಣ್ಣುಮಕ್ಕಳು ಹೀಗೆ ನಗ್ತಾರೇನೆ? ಊರಿಗೆಲ್ಲ ಕೇಳ್ತದೆ ನಿನ್ನ ನಗು!”

ಎದುರುಮನೆಯವಳು ಏಳನೆಯ ಅವರೆಕಾಯಿಯನ್ನು ಪಕ್ಕಕ್ಕಿಟ್ಟು, ಮಡಿಲು ಕೊಡವಿ ಎದ್ದಳು. ಅಳುತ್ತಲೇ ಎದ್ದಳು.

ಅಂದೇ ಊರ ಹಿರಿಯ ಬಂದ. ಜಗಲಿಯ ಮೇಲೆ ಕೂತು, ಏಳು ಅವರೆಕಾಯಿಗಳನ್ನು ಸಾಲಾಗಿ ಇಟ್ಟ.

“ನಾವ್ಯಾರೂ ತೆನೆ ತರಲಿಲ್ಲ ತಾಯಿ,” ಅಂದ. “ತರಬೇಕು ಅನ್ನೋ ಮನಸ್ಸೂ ಇರಲಿಲ್ಲ. ಬೇಕಿದ್ದರೆ ಹೊಸ್ತಿಲು ನೋಡು.”

“ಮತ್ತೆ ಇದೇನು?”

“ಎದುರೆದುರೇ ಏಳು ತಪ್ಪು. ಒಂದೇ ಬಾಯಿಂದ. ನಿನ್ನ ಬಾಯಿಂದ.”

ಬೋನಿನವ್ವ ಅವರೆಕಾಯಿಗಳನ್ನು ಒಂದೊಂದಾಗಿ ನೋಡಿದಳು. ಬದು, ನಿದ್ದೆ, ಕೂದಲು, ಬೇಲಿ, ಎದುರು ಮಾತು, ಉಪ್ಪು, ನಗು.

“ಅದು ತಪ್ಪು ಹೇಳಿದ್ದಲ್ಲಣ್ಣ. ಬುದ್ಧಿ ಹೇಳಿದ್ದು. ಅವಳು ಇಲ್ಲೇ ಉಳೀಲಿ ಅಂತ ಹೇಳಿದ್ದು.”

“ಇರಬಹುದು,” ಅಂದ ಹಿರಿಯ. “ಆದರೆ ಎರಡರ ಮಾತೂ ಒಂದೇ ಆಗಿತ್ತಲ್ಲ ತಾಯಿ.”

“ನನ್ನ ಮಗಳನ್ನ ನಾನು ಬೈದರೆ ಊರಿಗೇನು?”

“ನಿನ್ನ ಮಗಳು ಅಂತ ನೀನು ಬೈದೆ. ಬೋನಿನಲ್ಲಿ ಬಂದವಳು ಅನ್ನೋದನ್ನ ಮರೆತೆ. ನಾವೂ ಮರೆತಿದ್ದೆವು. ಈಗ ಕಿವಿಗೆ ಬಿದ್ದುಹೋಯಿತು.” ಅವನು ಎದ್ದು ನಿಂತ. “ಬಾಯಿಂದ ಹೋದದ್ದನ್ನ ಹಿಡಿದು ತರೋ ಬೋನು ನಿನ್ನ ಹತ್ತಿರ ಇದ್ದರೆ ಹೇಳು. ನಾನೇ ಹೊತ್ತು ಬರ್ತೀನಿ.”

ಒಳಗಿಂದ ಎಲ್ಲ ಕೇಳಿಸಿಕೊಂಡ ಮಗಳು ಹಿತ್ತಿಲ ಬಾಗಿಲು ದಾಟಿ ಜೋಳದ ಹೊಲಕ್ಕೆ ಇಳಿದಿದ್ದಳು. ಬೆಳೆ ಆಗ ಆಳುದ್ದ ಆಗಿತ್ತು. ಅಲ್ಲಾಡುವ ಎಲೆ ಬಿಟ್ಟರೆ ಏನೂ ಕಾಣಲಿಲ್ಲ.

ಹುರಿಗೆ ಗಂಟು ಹಾಕುವುದು ಬೋನಿನವ್ವನ ಕೆಲಸ. ಎದುರುಮನೆಯವಳು ಒಂದೊಂದೇ ತಪ್ಪನ್ನು ನೆನಪಿಸಿದಳು, ಬೋನಿನವ್ವ ಒಂದೊಂದೇ ಗಂಟು ಹಾಕಿದಳು. ಮೂವತ್ತು ವರ್ಷ ಗಂಟು ಹಾಕಿದ ಕೈ. ತಾನಾಗಿಯೇ ಬಿಗಿಯಾಯಿತು.

ಆಮೇಲೆ ಎಳ್ಳು ಹುರಿದಳು. ಬೆಲ್ಲ ಜಜ್ಜಿದಳು. ಒರಳಿನಲ್ಲಿ ಕುಟ್ಟಿ ಚಿಗಳಿ ಉಂಡೆ ಕಟ್ಟಿದಳು. ಬೋನನ್ನು ಹೊಲದ ಅಂಚಿನಲ್ಲಿಟ್ಟು, ಬಾಗಿಲೆತ್ತಿ, ಉಂಡೆಗಳನ್ನು ಒಳಗಿಟ್ಟು, ಪಕ್ಕದಲ್ಲಿ ಬಿಸಿಲಿಗೆ ಕೂತಳು. ಬರಬೇಡ, ಬರಬೇಡ ಎಂದು ಒಳಗೊಳಗೇ ಬೇಡಿಕೊಂಡಳು. ಬೋನಿಟ್ಟವಳು ಬೋನಿಗೆ ಏನೂ ಬೀಳದಿರಲಿ ಎಂದು ಬೇಡಿಕೊಂಡದ್ದು ಆ ಊರಿನಲ್ಲಿ ಅದೇ ಮೊದಲು.

ಮೊದಲ ದಿನ ಇರುವೆ ಬಂದವು. ಎರಡನೆಯ ದಿನ ಚಿಗಳಿಯಲ್ಲಿ ಎಳ್ಳು ಮಾತ್ರ ಉಳಿಯಿತು. ಮೂರನೆಯ ದಿನ ನೆತ್ತಿಯ ಮೇಲೆ ಸೂರ್ಯ ಬಂದಾಗ ಬೋನಿನವ್ವನ ತುಟಿ ಒಡೆದಿತ್ತು. ಜೋಳದ ಎಲೆಗಳ ಹಿಂದಿನಿಂದ ದನಿ ಬಂತು.

“ಅವ್ವ, ನೀರಾದರೂ ಕುಡಿ.”

“ನೀನು ಬೀಳೋ ತನಕ ಕುಡಿಯೋ ಹಾಗಿಲ್ಲ.”

“ನಾನು ಬೀಳದೇ ಇದ್ದರೆ?”

“ಬೀಳಬೇಡ. ಓಡಿಹೋಗು.”

“ಎಲ್ಲಿಗೆ ಹೋಗಲಿ? ಇರೋದು ಎರಡೇ ದಡ.” ಎಲೆಗಳು ಸರಿದಾಡಿದವು. “ಅವ್ವ, ಒಂದು ಮಾತು ಹೇಳ್ಲಾ? ನನಗೆ ಚಿಗಳಿ ಯಾವತ್ತೂ ಇಷ್ಟ ಇರಲಿಲ್ಲ. ನಿನಗಿಷ್ಟ ಇತ್ತು. ನಿನಗೋಸ್ಕರ ಅಂದರೆ ನೀನು ಮಾಡ್ತಿರಲಿಲ್ಲ, ಅದಕ್ಕೇ ನನಗೆ ಬೇಕು ಅಂತ ಅಳ್ತಿದ್ದೆ.”

ಬೋನಿನವ್ವನ ಬಾಯಲ್ಲಿ ಪಸೆ ಇರಲಿಲ್ಲ.

ಮಗಳು ಹೊಲದಿಂದ ಹೊರಗೆ ಬಂದಳು. ಕೈಯಲ್ಲಿ ಒಂದು ತಂಬಿಗೆ ನೀರು. ಅದನ್ನು ಅವ್ವನ ಪಕ್ಕದಲ್ಲಿಟ್ಟಳು. ಚಿಗಳಿಯ ಕಡೆ ನೋಡಲೂ ಇಲ್ಲ. ಬಗ್ಗಿ ಬೋನಿನೊಳಗೆ ಹೋಗಿ, ಕೂತು, ಮಂಡಿ ಮಡಿಚಿಕೊಂಡು, ಕೈ ಮೇಲೆತ್ತಿ ಬಾಗಿಲನ್ನು ತಾನೇ ಬೀಳಿಸಿದಳು.

“ಬಿದ್ದೆ,” ಅಂದಳು. “ಈಗ ಕುಡಿ.”

ಬೋನಿಗೆ ತಾನು ಇಟ್ಟಿದ್ದ ತಿನಿಸು ಚಿಗಳಿಯಲ್ಲ, ತನ್ನ ಬಾಯಾರಿಕೆ ಎಂಬುದು ಬೋನಿನವ್ವನಿಗೆ ಆಗ ತಿಳಿಯಿತು. ತಂಬಿಗೆಯೆತ್ತಿ ಕುಡಿದಳು. ನೀರಿಗೆ ಕಣ್ಣಿನ ಉಪ್ಪು ಬೆರೆಯಿತು. ಹೆಚ್ಚೇ ಆಯಿತು.

ಮರುದಿನ ಬೆಳಗ್ಗೆ ಹರಿಗೋಲು ದಿಬ್ಬ ಮುಟ್ಟಿತು. ಬೋನನ್ನು ಇಳಿಸಿದ್ದಾಯಿತು. ಇನ್ನು ತಿರುಗಿ ನೋಡದೆ ಬರಬೇಕು. ಬೋನಿನವ್ವ ಅಲ್ಲೇ ನಿಂತಳು. ಮಗಳು ಪಟ್ಟಿಗಳ ನಡುವಿನಿಂದ ಕೈ ಚಾಚಿ ಹುರಿಯನ್ನು ಒಳಗೆಳೆದುಕೊಂಡು ಗಂಟುಗಳ ಮೇಲೆ ಬೆರಳಾಡಿಸಿದಳು.

“ಆಚೆಯವರ ಗಂಟೆಲ್ಲ ಸಡಿಲ ಇದ್ದವು ಅವ್ವ. ಬೋನಿನಲ್ಲಿ ಕೂತು ಬೇಜಾರಾಗಿ ಎಷ್ಟೋ ಬಿಚ್ಚಿದ್ದೆ. ನಿನ್ನವು ಬಿಚ್ಚೋದೇ ಇಲ್ಲವಲ್ಲ.” ದೂರುವ ದನಿಯಲ್ಲಿ ಹೇಳಲಿಲ್ಲ. ಚಿಕ್ಕಂದಿನಲ್ಲಿ ಜಡೆಯ ಗಂಟು ಬಿಚ್ಚಲಾಗದೆ ಅವ್ವನ ಹತ್ತಿರ ಬರುತ್ತಿದ್ದಳಲ್ಲ, ಆ ದನಿಯಲ್ಲಿ ಹೇಳಿದಳು.

ಬೋನಿನವ್ವ ಮರಳಿನಲ್ಲಿ ಕುಸಿದು ಹುರಿಯನ್ನು ಕಿತ್ತುಕೊಂಡಳು. ಗಂಟು ಬಿಚ್ಚಿದರೆ ಆಡಿದ ಮಾತು ಅಳಿಯುವುದಿಲ್ಲ, ಮಗಳು ಮನೆಗೆ ಬರುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೆ ಆಚೆ ಊರಿನವರು ಈ ಹುರಿಯನ್ನು ನೋಡುತ್ತಾರೆ. ಹೆತ್ತವಳೇ ಏಳು ಹೇಳಿದ್ದಾಳೆ ಎಂದು ಬೆರಳಾಡಿಸಿ ನೋಡುತ್ತಾರೆ. ಅದು ಆಗಬಾರದು. ಉಗುರಿನಿಂದ ಕೆದಕಿದಳು, ಹಲ್ಲಿನಿಂದ ಕಚ್ಚಿ ಎಳೆದಳು. ಒಂದು ಬಿಚ್ಚುವ ಹೊತ್ತಿಗೆ ಉಗುರು ಕಿತ್ತುಬಂತು.

ಆಚೆಯ ಬೋನಿನವನ ಹರಿಗೋಲು ಬಂತು. ಮೂವತ್ತು ವರ್ಷ ಅವಳು ಹೋದ ಮೇಲೆಯೇ ಬಂದವನು, ಅವಳ ಮುಖವನ್ನು ಅಂದೇ ಮೊದಲು ನೋಡಿದ. ಮುದುಕ. ಹುಟ್ಟಿನ ಮೇಲೆ ಗಲ್ಲವೂರಿ ನಿಂತ.

“ಏನು ಬಿದ್ದಿದೆ ಇವತ್ತು?”

“ನನ್ನ ಮಗಳು.”

ಅವನು ಬಗ್ಗಿ ನೋಡಿ ಗುರುತು ಹಿಡಿದ. ಮರಳಿನ ಮೇಲೆ ಕೂತು, “ಬಿಚ್ಚು, ನಾನು ಕಾಯ್ತೀನಿ,” ಅಂದ. ಸ್ವಲ್ಪ ಹೊತ್ತಾದ ಮೇಲೆ, “ಹುರಿಯ ಆ ತುದಿ ಇತ್ತ ಕೊಡು,” ಅಂದ.

ಇಬ್ಬರೂ ಎರಡು ತುದಿ ಹಿಡಿದು ಬಿಚ್ಚಿದರು. ಬದು ಬಿಚ್ಚಿತು. ನಿದ್ದೆ ಬಿಚ್ಚಿತು. ಕೂದಲು, ಬೇಲಿ, ಎದುರು ಮಾತು, ಉಪ್ಪು ಬಿಚ್ಚಿದವು. ಬಿಸಿಲು ಏರಿತು. ಉಳಿದದ್ದು ಒಂದು. ಅದಕ್ಕೆ ಬೋನಿನವ್ವ ಕೈ ಹಾಕಿದಾಗ ಮಗಳು ಪಟ್ಟಿಯ ನಡುವಿನಿಂದ ಅವಳ ಮಣಿಕಟ್ಟು ಹಿಡಿದಳು.

“ಅದು ಯಾವುದು?”

“ನಗು.”

“ಅದಿರಲಿ ಬಿಡವ್ವ. ಅದು ನನ್ನದೇ.”

ಆ ಒಂದು ಗಂಟಿನ ಹುರಿಯನ್ನು ಕೊರಳಿಗೆ ಹಾಕಿಕೊಂಡು ಮಗಳು ಹೋದಳು. ಬೋನಿನವ್ವ ಈ ಸಲ ತಿರುಗಿ ನೋಡಿದಳು. ಹರಿಗೋಲು ಚುಕ್ಕಿಯಾಗುವ ತನಕ ನೋಡಿದಳು.

ಬೆಳೆ ಬಂತು, ಹೋಯಿತು. ಹರಕು ಕಿವಿಯ ಹಂದಿ ಒಂಬತ್ತನೆಯ ಸಲ ಬಂತು. ಬಾಗಿಲೆತ್ತಿದರೂ ಓಡದೆ, ಬೈಯಲಿ ಎಂದು ಕಾಯುವ ಹಾಗೆ ಅವಳನ್ನೇ ನೋಡುತ್ತ ನಿಂತಿತು. ಅವಳು ಬೈಯಲಿಲ್ಲ. ಹಂದಿಯನ್ನಷ್ಟೇ ಅಲ್ಲ, ಉಕ್ಕಿದ ಹಾಲನ್ನೂ ಅವಳು ಬೈಯುವುದು ಬಿಟ್ಟಿದ್ದಳು. ಬೋನಿನವ್ವನಿಗೆ ಮಾತು ನಿಂತುಹೋಗಿದೆ ಎಂದು ಊರಿನವರು ಅಂದುಕೊಂಡರು.

ಪ್ರತಿ ಬೆಳಗ್ಗೆ ಅವಳು ದಿಬ್ಬದ ಕಡೆ ನೋಡುವಳು. ಆಚೆಯವರು ಮತ್ತೆ ಮಗಳನ್ನು ಬೇಡವೆನ್ನಲಿ, ಯಾರಾದರೂ ಒಬ್ಬರು ಕೂತು ಏಳು ಹೇಳಲಿ ಎಂದು ಬೇಡಿಕೊಳ್ಳುವಳು. ತನ್ನ ಕೂಸನ್ನು ಜನ ಹಳಿಯಲಿ ಎಂದು ಬೇಡಿಕೊಳ್ಳುವ ತಾಯಿ ಎಂಥವಳು ಎಂದು ತನ್ನನ್ನೇ ಕೇಳಿಕೊಳ್ಳುವಳು. ಬೋನುಗಳು ಬಂದವು, ಮುಳ್ಳುಹಂದಿ ಬಂತು, ಮಂಗ ಬಂತು. ಮಗಳು ಬರಲಿಲ್ಲ. ಅಂದರೆ ಆಚೆ ದಡದಲ್ಲಿ ಯಾರೂ ಅವಳಿಗೆ ಏಳು ತಪ್ಪು ಹೇಳಿಲ್ಲ. ಅದು ಒಳ್ಳೆಯ ಸುದ್ದಿ. ಆ ಒಳ್ಳೆಯ ಸುದ್ದಿಯನ್ನು ಮಡಿಲಲ್ಲಿಟ್ಟುಕೊಂಡು ಬೋನಿನವ್ವ ಎಷ್ಟೋ ಮಧ್ಯಾಹ್ನ ಅತ್ತಳು.

ಮಗಳು ಬದುಕಿದ್ದಾಳೆಂದು ಮಾತ್ರ ಗೊತ್ತಿತ್ತು. ಗಾಳಿ ನಿಂತ ಮಧ್ಯಾಹ್ನಗಳಲ್ಲಿ ನೀರಿನ ಮೇಲಿಂದ ಒಂದು ನಗು ಬರುತ್ತಿತ್ತು. ಹೊಟ್ಟೆಯಿಂದ ಎದ್ದ ನಗು. ದಡಕ್ಕೆ ಬಡಿದು, ಬೀದಿ ದಾಟಿ, ಮಲಗಿದವರ ಕಿವಿಗೆ ಬೀಳುತ್ತಿತ್ತು.

ಒಂದು ದಿನ ಹೊಸ್ತಿಲ ಮೇಲೆ ಒಂದು ತೆನೆ ಕಂಡಿತು. ಎದುರುಮನೆಯವಳು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

“ಮಧ್ಯಾಹ್ನ ಕಣ್ಣು ಮುಚ್ಚೋಕ್ಕಾಗಲ್ಲ ಅಕ್ಕ. ಆ ನಗು ಕೇಳಿದರೆ ನನಗೆ ಆ ಅವರೆಕಾಯಿ ನೆನಪಾಗ್ತವೆ. ಹೇಗಾದರೂ ಅದನ್ನ ಹಿಡಿ.”

ತೆನೆ ಕಂಡರೆ ಹೊರಡಬೇಕು. ಬೋನಿನವ್ವ ಬೋನು ಹೊತ್ತು ಹೊಳೆಯ ದಡಕ್ಕೆ ಹೋದಳು. ಹೊಳೆಗೆ ಮುಖ ಮಾಡಿ ಇಟ್ಟಳು. ಬಾಗಿಲನ್ನು ಮೇಲಕ್ಕೆತ್ತಿ, ಎಂದೂ ಬೀಳದ ಹಾಗೆ ಪುಂಡಿನಾರಿನ ಹುರಿಯಿಂದ ಪಟ್ಟಿಗೆ ಕಟ್ಟಿದಳು. ಮೂವತ್ತು ವರ್ಷದ ಕೈ, ತಾನಾಗಿಯೇ ಬಿಗಿಯಾಯಿತು. ಎಳೆದು ನೋಡಿದಳು. ಬಿಚ್ಚುವ ಗಂಟಲ್ಲ.

ಹಿಂದೆಯೇ ಬಂದಿದ್ದ ಎದುರುಮನೆಯವಳು ಖಾಲಿ ಬೋನಿನೊಳಗೆ ಇಣುಕಿದಳು. “ತಿನಿಸು ಏನೂ ಇಟ್ಟಿಲ್ಲವಲ್ಲಕ್ಕ?”

ಬೋನಿನವ್ವ ಒಮ್ಮೆ ಆಚೆ ದಡದ ಕಡೆ ನೋಡಿದಳು. ಬೋನಿನ ಪಕ್ಕದಲ್ಲಿ, ಬಿಸಿಲಿಗೆ, ನೀರಿಲ್ಲದೆ ಕೂತಳು.